ಹಳೇ ಪಿಕಪ್‌ನ ಹಿಂದಿನ ಡಿಫರೆನ್ಶಿಯಲ್ ಆಯಿಲ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಪಿಕಪ್ ಇಟ್ಟುಕೊಂಡವರು ಎಂಜಿನ್ ಆಯಿಲ್ ಬದಲಿಸುವುದನ್ನು ಮರೆಯುವುದಿಲ್ಲ. ಆದರೆ ಹಿಂದಿನ ಆಕ್ಸಲ್‌ನ ನಡುವೆ ಮಡಕೆ ಹಾಗೆ ಉಬ್ಬಿಕೊಂಡು ಡಿಫರೆನ್ಶಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗೂಡು) ಕೂತಿರುತ್ತದಲ್ಲ, ಅದರ ಕಡೆ ಬಗ್ಗಿ ನೋಡುವವರು ಕಡಿಮೆ. ಅಲ್ಲಿರುವ ಆಯಿಲ್ ಬದಲಿಸುವುದು ಅರ್ಧ ದಿನದ ಕೆಲಸ, ಅಷ್ಟೆ. ಆಯಿಲ್ ಹೊಸದಾಗುವುದು ಒಂದು ಲಾಭ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಹೊರಗೆ ಬರುವ ಹಳೇ ಆಯಿಲ್ ನೋಡಿದರೆ ಒಳಗಿನ ಗೇರು, ಬೇರಿಂಗುಗಳ ಸ್ಥಿತಿ ಗೊತ್ತಾಗುತ್ತದೆ. ಹೌಸಿಂಗ್, ಅಂದರೆ ಹೊರಗಿನ ಲೋಹದ ಕವಚ, ಬಿಚ್ಚದೆ ಅದನ್ನು ತಿಳಿಯಲು ಇಷ್ಟು ಸುಲಭದ ದಾರಿ ಬೇರೆ ಇಲ್ಲ.

ಡಿಫರೆನ್ಶಿಯಲ್‌ಗೆ ಬೇರೆಯದೇ ಆಯಿಲ್ ಯಾಕೆ ಬೇಕು?

ಎಂಜಿನ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್‌ನ ತುದಿಯಲ್ಲಿ ಒಂದು ಚಿಕ್ಕ ಗೇರ್ ಇರುತ್ತದೆ. ಅದು ಪಿನಿಯನ್. ಪಿನಿಯನ್ ದೊಡ್ಡ ಕ್ರೌನ್ ವೀಲನ್ನು ತಿರುಗಿಸುತ್ತದೆ, ಕ್ರೌನ್ ವೀಲ್ ಚಕ್ರಗಳನ್ನು ತಿರುಗಿಸುತ್ತದೆ. ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಪಿನಿಯನ್ ಕ್ರೌನ್ ವೀಲ್‌ನ ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಕೆಳಗೆ ಕೂತಿರುತ್ತದೆ. ಇದಕ್ಕೆ ಹೈಪಾಯ್ಡ್ ಗೇರ್ ಎನ್ನುತ್ತಾರೆ. ಹೀಗಿದ್ದರೆ ಹಲ್ಲುಗಳು ಒಂದರ ಮೇಲೊಂದು ಬರೀ ಉರುಳುವುದಿಲ್ಲ, ಉಜ್ಜಿಕೊಂಡು ಜಾರುತ್ತವೆ. ಭಾರ ಹೊತ್ತು ದಿಬ್ಬ ಏರುವಾಗ ಆ ಒತ್ತಡಕ್ಕೆ ಮಾಮೂಲಿ ಆಯಿಲ್‌ನ ಪದರ ಹರಿದುಹೋಗುತ್ತದೆ.

ಅದಕ್ಕೇ ಈ ಆಯಿಲ್‌ಗೆ ಗಂಧಕ, ರಂಜಕದ ಅಂಶಗಳನ್ನು ಸೇರಿಸಿರುತ್ತಾರೆ. ಪದರ ಹರಿದ ಜಾಗದಲ್ಲೂ ಅವು ಲೋಹದ ಮೇಲೆ ಒಂದು ತೆಳು ಹೊದಿಕೆ ಕಟ್ಟಿ ಹಲ್ಲುಗಳನ್ನು ಕಾಯುತ್ತವೆ. ಗೇರ್ ಆಯಿಲ್ ಡಬ್ಬಿ ತೆಗೆದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಆ ಗಂಧಕದ್ದೇ. ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ, ಹಳೇ ಬಟ್ಟೆ ಹಾಕಿಕೊಂಡೇ ಕೂರಿ.

ಎಷ್ಟು ಕಿಲೋಮೀಟರಿಗೆ ಒಮ್ಮೆ ಬದಲಿಸಬೇಕು?

ನಿಮ್ಮ ಗಾಡಿಯ ಮ್ಯಾನುವಲ್ ಹೇಳಿದ್ದೇ ಮೊದಲ ಮಾತು. ಅದು ಕೈಯಲ್ಲಿಲ್ಲ ಅಂದರೆ 40,000ದಿಂದ 50,000 ಕಿಲೋಮೀಟರಿಗೆ ಒಮ್ಮೆ ಬದಲಿಸಿದರೆ ತಪ್ಪಾಗದು. ಟ್ರೇಲರ್ ಎಳೆಯುವ ಗಾಡಿ, ಸದಾ ಪೂರ್ತಿ ಲೋಡ್ ಹೊರುವ ಗಾಡಿಯಾದರೆ ಅದರ ಅರ್ಧಕ್ಕೇ ಬದಲಿಸಿ. ಆಕ್ಸಲ್ ಮುಳುಗುವಷ್ಟು ನೀರಲ್ಲಿ ಓಡಿಸಿದ್ದರೆ ಕಿಲೋಮೀಟರ್ ಲೆಕ್ಕ ಬಿಡಿ, ಅದೇ ವಾರ ಆಯಿಲ್ ತುಂಬುವ ಮೇಲಿನ ಪ್ಲಗ್ ತೆಗೆದು ನೀರು ಸೇರಿದೆಯಾ ನೋಡಿ.

ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ, ಹಿಂದಿನವರು ಏನೇ ಹೇಳಿರಲಿ, ಒಮ್ಮೆ ನೀವೇ ಬದಲಿಸಿಬಿಡಿ. ಅಲ್ಲಿಂದ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ಯಾವ ಆಯಿಲ್ ಹಾಕಬೇಕು? ಡಬ್ಬಿ ಮೇಲೆ ಎಷ್ಟೊಂದು ನಂಬರ್ ಇರುತ್ತವೆ.

ಎರಡು ವಿಷಯ ನೋಡಿದರೆ ಸಾಕು. ಒಂದು, ದರ್ಜೆ. ಹೈಪಾಯ್ಡ್ ಡಿಫರೆನ್ಶಿಯಲ್‌ಗೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಜಿಎಲ್-5 ದರ್ಜೆ ಬೇಕು. ಜಿಎಲ್-4 ಸಾಲದು. ಎರಡು, ಮಂದ ಎಷ್ಟು ಅನ್ನುವುದು. ಹೆಚ್ಚಿನ ಹಳೇ ಪಿಕಪ್‌ಗಳಿಗೆ 80ಡಬ್ಲ್ಯು-90 ಅಥವಾ 75ಡಬ್ಲ್ಯು-90 ಹೊಂದುತ್ತದೆ. ಬಿಸಿ ಜಾಸ್ತಿ ಇರುವ ಕಡೆ ಭಾರ ಹೊರುವ ಗಾಡಿಗಳಿಗೆ ಕೆಲವು ಕಂಪನಿಗಳು 85ಡಬ್ಲ್ಯು-140 ಹೇಳುತ್ತವೆ. ಡಬ್ಲ್ಯುಗಿಂತ ಮೊದಲು ಬರುವ ಅಂಕಿ ಚಿಕ್ಕದಿದ್ದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ.

90 ಅಂದ ಕೂಡಲೇ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ಮಂದ ಎಂದುಕೊಳ್ಳಬೇಡಿ. ಎರಡರ ಅಳತೆಯೇ ಬೇರೆ. ಗೇರ್ ಆಯಿಲ್‌ನ 90, ಎಂಜಿನ್ ಆಯಿಲ್‌ನ 40 ಅಥವಾ 50ರ ಆಸುಪಾಸಿಗೆ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಮಿಕ್ಕಿದ ಜಿಎಲ್-5 ಆಯಿಲನ್ನು ಗೇರ್‌ಬಾಕ್ಸ್‌ಗೆ ಸುರಿಯಲು ಹೋಗಬೇಡಿ. ಹಳೇ ಮ್ಯಾನುವಲ್ ಗೇರ್‌ಬಾಕ್ಸ್‌ಗಳಲ್ಲಿ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುತ್ತವೆ. ಜಿಎಲ್-5ರ ಕೆಲವು ಆಯಿಲ್‌ಗಳು ಆ ಹಿತ್ತಾಳೆಯನ್ನು ತಿನ್ನುತ್ತವೆ. ಅಲ್ಲಿಗೆ ಏನು ಬೇಕೋ ಅದನ್ನು ಬೇರೆಯಾಗಿಯೇ ನೋಡಿ ತನ್ನಿ.

ನನ್ನ ಗಾಡಿಯಲ್ಲಿ ಲಿಮಿಟೆಡ್ ಸ್ಲಿಪ್ ಇದೆಯಾ ಅಂತ ತಿಳಿಯುವುದು ಹೇಗೆ?

ಒಂದೇ ಚಕ್ರ ಜಾರಿ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಶಿಯಲ್‌ಗೆ ಲಿಮಿಟೆಡ್ ಸ್ಲಿಪ್ ಎನ್ನುತ್ತಾರೆ. ಮೊದಲು ಹೌಸಿಂಗ್ ಮೇಲೆ ತಗಡಿನ ಪಟ್ಟಿ ಏನಾದರೂ ಇದೆಯಾ ನೋಡಿ. ಎಷ್ಟೋ ಗಾಡಿಗಳಲ್ಲಿ ಅಲ್ಲೇ ಬರೆದಿರುತ್ತಾರೆ. ಇಲ್ಲದಿದ್ದರೆ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ದಿಮ್ಮಿ ಕೊಟ್ಟು, ಹಿಂದಿನ ಎರಡೂ ಚಕ್ರ ನೆಲ ಬಿಡುವಂತೆ ಆಕ್ಸಲನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಎಂಜಿನ್ ಆಫ್ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಮಾಮೂಲಿ ಡಿಫರೆನ್ಶಿಯಲ್. ಅದೇ ದಿಕ್ಕಿಗೆ ತಿರುಗಿದರೆ ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ (ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗುವಂತೆ ಹಿಡಿಯುವಂಥದ್ದು). ತುಂಬಾ ಸವೆದ ಲಿಮಿಟೆಡ್ ಸ್ಲಿಪ್ ಮಾಮೂಲಿಯದರ ಹಾಗೇ ತಿರುಗಬಹುದು, ಅದನ್ನೂ ಮನಸ್ಸಿನಲ್ಲಿಡಿ.

ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್‌ಗೆ ಫ್ರಿಕ್ಷನ್ ಮಾಡಿಫೈಯರ್, ಅಂದರೆ ಪ್ಲೇಟುಗಳ ಉಜ್ಜಾಟವನ್ನು ಹದಗೊಳಿಸುವ ಸೇರ್ಪಡೆ, ಬೇಕಾಗುತ್ತದೆ. ಕೆಲವು ಆಯಿಲ್‌ಗಳಲ್ಲಿ ಅದು ಮೊದಲೇ ಸೇರಿರುತ್ತದೆ, ಡಬ್ಬಿ ಓದಿ. ಅದಿಲ್ಲದಿದ್ದರೆ ಗಾಡಿ ತಿರುಗಿಸುವಾಗ ಹಿಂದುಗಡೆಯಿಂದ ಗಡಗಡ ಅನ್ನುವ ನಡುಕ ಬರುತ್ತದೆ. ಹೊಸ ಆಯಿಲ್ ಹಾಕಿದ ಮೇಲೆ ಖಾಲಿ ಜಾಗದಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಿಧಾನಕ್ಕೆ ಹತ್ತು ಸುತ್ತು ಓಡಿಸಿ. ಪ್ಲೇಟುಗಳ ನಡುವೆ ಹೊಸ ಆಯಿಲ್ ಸೇರುತ್ತದೆ.

ಎಷ್ಟು ಲೀಟರ್ ಹಿಡಿಯುತ್ತದೆ?

ಹೆಚ್ಚಿನ ಪಿಕಪ್‌ಗಳಿಗೆ ಒಂದೂವರೆಯಿಂದ ಮೂರು ಲೀಟರ್. ಮ್ಯಾನುವಲ್‌ನಲ್ಲಿರುವ ಅಳತೆಗಿಂತ ಅರ್ಧ ಲೀಟರ್ ಜಾಸ್ತಿ ತಂದಿಟ್ಟುಕೊಳ್ಳಿ. ತುಂಬುವಾಗ ಸ್ವಲ್ಪ ಚೆಲ್ಲಿಯೇ ಚೆಲ್ಲುತ್ತದೆ.

ಏನೇನು ಸಾಮಾನು ಬೇಕು?

ಪ್ಲಗ್‌ಗೆ ಸರಿಯಾಗಿ ಕೂರುವ ಸ್ಪ್ಯಾನರ್ ಮುಖ್ಯ. ಕೆಲವು ಪ್ಲಗ್‌ಗಳಿಗೆ ಆರು ಮೂಲೆಯ ತಲೆ ಇರುತ್ತದೆ, ಕೆಲವಕ್ಕೆ ಅಲೆನ್ ಕೀ, ಇನ್ನು ಕೆಲವಕ್ಕೆ ಚೌಕದ ತೂತು. ಚೌಕದ ತೂತಿಗೆ ಎಷ್ಟೋ ಸಲ ರ‍್ಯಾಚೆಟ್‌ನ ಮೂತಿಯೇ ನೇರ ಕೂರುತ್ತದೆ. ಆರು ಮೂಲೆಯ ಪ್ಲಗ್ ಆದರೆ ಓಪನ್ ಸ್ಪ್ಯಾನರ್ ಬೇಡ, ಬಾಕ್ಸ್ ಸ್ಪ್ಯಾನರ್ ಹಾಕಿ. ಜೊತೆಗೆ ಮೂರ್ನಾಲ್ಕು ಲೀಟರ್ ಹಿಡಿಯುವ ಅಗಲ ಬಾಯಿಯ ಪಾತ್ರೆ, ತಂತಿ ಬ್ರಷ್, ಬಟ್ಟೆ, ಕೈ ಪಂಪ್, ಪ್ಲಗ್‌ಗಳಿಗೆ ಹೊಸ ವಾಷರ್. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕೆಳಗೆ ಮಲಗಿ ಮೇಲೆ ನೋಡುತ್ತಾ ಮಾಡುವ ಕೆಲಸ ಇದು. ತುಕ್ಕು, ಮಣ್ಣು ನೇರ ಮುಖದ ಮೇಲೇ ಉದುರುತ್ತದೆ.

ಗಾಡಿಯನ್ನು ಜಾಕ್ ಮೇಲೆ ಎತ್ತಬೇಕಾ?

ಎತ್ತದೆ ಆಗುವುದಾದರೆ ಎತ್ತಬೇಡಿ. ಹಳೇ ಪಿಕಪ್‌ಗಳ ಕೆಳಗೆ ಜಾಗ ಚೆನ್ನಾಗಿಯೇ ಇರುತ್ತದೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ದಿಮ್ಮಿ ಕೊಟ್ಟು ಮಲಗಿದರೆ ಕೆಲಸ ಆಗುತ್ತದೆ. ಆಯಿಲ್ ಮಟ್ಟವೂ ಸರಿಯಾಗಿ ಸಿಗುತ್ತದೆ.

ಎತ್ತಲೇಬೇಕಾದರೆ ಒಂದು ವಿಷಯ ಚೆನ್ನಾಗಿ ತಿಳಿದಿರಿ. ಪಿಕಪ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೇ ಇರುತ್ತದೆ. ಎರಡೂ ಹಿಂದಿನ ಚಕ್ರ ಗಾಳಿಯಲ್ಲಿದ್ದರೆ ಅದು ಹಿಡಿದೂ ಉಪಯೋಗವಿಲ್ಲ. ಒಂದೇ ಚಕ್ರ ಎತ್ತಿ ಗೇರ್‌ನಲ್ಲಿ ಬಿಟ್ಟರೂ ನಂಬುವ ಹಾಗಿಲ್ಲ. ಡಿಫರೆನ್ಶಿಯಲ್‌ನ ಕೆಲಸವೇ ಒಂದು ಚಕ್ರಕ್ಕೆ ಇನ್ನೊಂದಕ್ಕಿಂತ ಬೇರೆ ವೇಗದಲ್ಲಿ ತಿರುಗಲು ಬಿಡುವುದು, ಅಲ್ವಾ? ಎತ್ತಿದ ಚಕ್ರ ತಿರುಗಿದರೆ ನೆಲದ ಮೇಲಿನದೂ ಉರುಳುತ್ತದೆ. ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ದಿಮ್ಮಿ, ಹಿಂದೆ ಗಟ್ಟಿ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ.

ಮೊದಲು ಯಾವ ಪ್ಲಗ್ ಬಿಚ್ಚಬೇಕು?

ಮೇಲಿನದು. ಇದೊಂದನ್ನು ಮಾತ್ರ ಮರೆಯಬೇಡಿ.

ಕೆಳಗಿನ ಪ್ಲಗ್‌ನಿಂದ ಆಯಿಲ್ ಇಳಿಯುತ್ತದೆ, ಮೇಲಿನ ಪ್ಲಗ್‌ನಿಂದ ತುಂಬಬೇಕು. ಇಳಿಸಿದ ಮೇಲೆ ಮೇಲಿನದು ಬಿಚ್ಚದೇ ಹೋದರೆ? ನನಗೆ ಇದು ಆಗಿದೆ. ಮೊದಲ ಸಲ ಕೆಳಗಿನ ಪ್ಲಗ್ ತೆಗೆದು ಆಯಿಲ್ ಪೂರ್ತಿ ಇಳಿಸಿದ್ದೆ. ಆಮೇಲೆ ಮೇಲಿನದಕ್ಕೆ ಸ್ಪ್ಯಾನರ್ ಹಾಕಿದರೆ ಜಪ್ಪಯ್ಯ ಅಂದರೂ ಕದಲಲಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟಿರದ ಪ್ಲಗ್ ಅದು. ತುಕ್ಕು ಹಿಡಿದು ಹೌಸಿಂಗ್ ಜೊತೆ ಒಂದೇ ಆಗಿತ್ತು. ಗಾಡಿ ಎರಡು ದಿನ ಆಯಿಲ್ ಇಲ್ಲದೆ ನಿಂತಲ್ಲೇ ನಿಂತಿತು. ಓಡಿಸುವ ಹಾಗಿಲ್ಲ, ತುಂಬುವ ಹಾಗಿಲ್ಲ. ಮೇಲಿನದು ಸಡಿಲವಾಗಿ ಕೈಯಲ್ಲಿ ತಿರುಗುತ್ತದೆ ಅಂತಾದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಿ.

ಪ್ಲಗ್ ಕದಲುತ್ತಲೇ ಇಲ್ಲ. ಏನು ಮಾಡಲಿ?

ಅವಸರ ಮಾಡಿ ಮೂಲೆಗಳನ್ನು ಸವೆಸಬೇಡಿ. ಹಿಂದಿನ ದಿನವೇ ಸುತ್ತ ತಂತಿ ಬ್ರಷ್ ಹೊಡೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಚೌಕದ ತೂತು ಅಥವಾ ಅಲೆನ್ ಕೀ ತೂತಿನಲ್ಲಿ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ಅದನ್ನು ಮೊಳೆಯಿಂದ ಕೆರೆದು ತೆಗೆಯಿರಿ. ಇಲ್ಲದಿದ್ದರೆ ಕೀ ಪೂರ್ತಿ ಒಳಗೆ ಹೋಗುವುದಿಲ್ಲ, ಅರ್ಧಕ್ಕೇ ಜಾರುತ್ತದೆ. ಆಮೇಲೆ ಪ್ಲಗ್‌ನ ತಲೆಗೆ ಸುತ್ತಿಗೆಯಿಂದ ನಾಲ್ಕೈದು ಸಲ ನೇರವಾಗಿ ಕುಟ್ಟಿ. ಆ ಅದುರಿಗೆ ತುಕ್ಕು ಬಿಡುತ್ತದೆ. ಕೊನೆಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಎಳೆದಾಡದೆ ಒಂದೇ ಸಮನೆ ಭಾರ ಕೊಡಿ.

ಬೆಂಕಿಯ ಟಾರ್ಚ್ ಹಿಡಿಯುವುದು ಮಾತ್ರ ಬೇಡ. ಒಳಗೆ ಆಯಿಲ್ ಇದೆ, ಪಕ್ಕದಲ್ಲಿ ಬ್ರೇಕ್ ಪೈಪ್ ಇದೆ, ಹತ್ತಿರದಲ್ಲೇ ಇಂಧನದ ಟ್ಯಾಂಕ್ ಇದೆ.

ನನ್ನ ಗಾಡಿಗೆ ಕೆಳಗಿನ ಪ್ಲಗ್ಗೇ ಇಲ್ಲವಲ್ಲ?

ಕೆಲವು ಆಕ್ಸಲ್‌ಗಳಲ್ಲಿ ನಿಜವಾಗಿಯೂ ಇರುವುದಿಲ್ಲ. ಹಿಂದುಗಡೆ ಒಂದು ತಗಡಿನ ಮುಚ್ಚಳ, ಸುತ್ತ ಹತ್ತು ಹನ್ನೆರಡು ಬೋಲ್ಟ್. ಮುಚ್ಚಳ ತೆಗೆದೇ ಆಯಿಲ್ ಇಳಿಸಬೇಕು. ಕೆಳಗಿನ ಬೋಲ್ಟ್‌ಗಳನ್ನು ಪೂರ್ತಿ ತೆಗೆಯಿರಿ. ಮೇಲಿನ ಎರಡನ್ನು ಸಡಿಲ ಮಾಡಿ ಹಾಗೇ ಬಿಡಿ. ಆಮೇಲೆ ಮುಚ್ಚಳದ ಕೆಳಗಿನ ಅಂಚನ್ನು ಮೆಲ್ಲಗೆ ಎಬ್ಬಿಸಿದರೆ ಆಯಿಲ್ ಪಾತ್ರೆಗೆ ಸುರಿಯುತ್ತದೆ, ಮುಚ್ಚಳ ಕೈಮೇಲೆ ಬೀಳುವುದಿಲ್ಲ.

ಕೆಲಸ ಜಾಸ್ತಿ, ಆದರೆ ಒಳಗಿನ ಕ್ರೌನ್ ವೀಲ್ ಕಣ್ಣಾರೆ ಕಾಣುತ್ತದೆ. ಟಾರ್ಚ್ ಲೈಟ್ ಹಿಡಿದು ಪ್ರತಿ ಹಲ್ಲನ್ನೂ ನೋಡಿ. ಹಲ್ಲು ನುಣುಪಾಗಿ ಹೊಳೆಯುತ್ತಿದ್ದರೆ ಸರಿ. ಚಿಕ್ಕ ಚಿಕ್ಕ ಗುಳಿ, ಮುರಿದ ಅಂಚು, ನೀಲಿ ಬಣ್ಣ ಕಂಡರೆ ಸರಿಯಲ್ಲ. ನೀಲಿಯಾಗಿದ್ದರೆ ಆಯಿಲ್ ಸಾಲದೆ ಕಾದಿದೆ ಎಂದರ್ಥ.

ಮುಚ್ಚಳ ವಾಪಸ್ ಹಾಕುವಾಗ ಎರಡೂ ಮುಖಗಳ ಹಳೇ ಗ್ಯಾಸ್ಕೆಟ್ ಕೆರೆದು, ಬ್ರೇಕ್ ಕ್ಲೀನರ್‌ನಿಂದ ಜಿಡ್ಡು ತೆಗೆಯಿರಿ. ಕೆರೆದ ಚೂರು ಒಳಗೆ ಬೀಳದಿರಲಿ. ಗ್ಯಾಸ್ಕೆಟ್ ಬದಲು ಪೇಸ್ಟ್ ಹಾಕುವುದಾದರೆ ಗೇರ್ ಆಯಿಲ್‌ಗೆ ತಡೆಯುವಂಥದ್ದು ತಗೊಳ್ಳಿ. ಸುಮಾರು 3 ಮಿಲಿಮೀಟರ್ ದಪ್ಪದ ಒಂದೇ ಗೆರೆ ಎಳೆಯಿರಿ. ಬೋಲ್ಟ್ ತೂತು ಬಂದಲ್ಲೆಲ್ಲ ಗೆರೆ ಅದರ ಒಳಬದಿಯಿಂದ ಹಾಯಬೇಕು. ಬೋಲ್ಟ್‌ಗಳನ್ನು ಎದುರುಬದುರು ಜೋಡಿಯಾಗಿ ಬಿಗಿ ಮಾಡುತ್ತಾ ಬನ್ನಿ. ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟೇ ಆಯಿಲ್ ತುಂಬಿ.

ಆಯಿಲ್ ಬಿಸಿಯಿರುವಾಗ ಇಳಿಸಬೇಕಾ?

ಹೌದು, ಬೆಚ್ಚಗಿದ್ದರೆ ಒಳ್ಳೆಯದು. ಹದಿನೈದು ನಿಮಿಷ ಓಡಿಸಿ ಬಂದು ಇಳಿಸಿ. ತಣ್ಣಗಿದ್ದಾಗ ಇದು ಜೇನುತುಪ್ಪದ ಹಾಗೆ ಇಳಿಯುತ್ತದೆ, ತಳದ ಕಿಟ್ಟ ಅಲ್ಲೇ ಉಳಿಯುತ್ತದೆ. ಭಾರ ಹೊತ್ತು ದೂರ ಓಡಿ ಬಂದ ಕೂಡಲೇ ಮಾತ್ರ ಬೇಡ, ಕೈ ಸುಡುತ್ತದೆ. ಹನಿ ಹನಿ ಆಗುವವರೆಗೆ ಒಂದು ಇಪ್ಪತ್ತು ನಿಮಿಷ ಕಾಯಿರಿ.

ಹಳೇ ಆಯಿಲ್‌ನಲ್ಲಿ ಏನು ನೋಡಬೇಕು?

ನನಗೆ ಇಡೀ ಕೆಲಸದಲ್ಲಿ ಬಹಳ ಮುಖ್ಯ ಅನಿಸುವುದು ಇದೇ. ಅದಕ್ಕೇ ಪಾತ್ರೆಯನ್ನು ಮೊದಲೇ ತೊಳೆದು ಒರೆಸಿಟ್ಟಿರಿ. ಕೊಳಕು ಪಾತ್ರೆಗೆ ಇಳಿಸಿದರೆ ಯಾವ ಚೂರು ಎಲ್ಲಿಯದು ಅಂತ ಗೊತ್ತಾಗುವುದಿಲ್ಲ.

ಹೊಸ ಗೇರ್ ಆಯಿಲ್ ಜೇನಿನ ಬಣ್ಣದ್ದು. ಓಡಿ ಓಡಿ ಕಂದು, ಆಮೇಲೆ ಕಪ್ಪು ಆಗುತ್ತದೆ. ಬರೀ ಕಪ್ಪಾಗಿದ್ದರೆ ಹೆದರಬೇಡಿ. ಸುಟ್ಟ ವಾಸನೆಯೂ ಇದ್ದರೆ ಆಕ್ಸಲ್ ಕಾದಿದೆ, ಮಟ್ಟ ಕಡಿಮೆ ಇತ್ತೇ ಅಂತ ಯೋಚಿಸಿ.

ಆಮೇಲೆ ಪ್ಲಗ್ ನೋಡಿ. ಹಲವು ಪ್ಲಗ್‌ಗಳ ತುದಿಯಲ್ಲಿ ಆಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ಕೆಸರು ಟೊಪ್ಪಿಗೆ ಹಾಗೆ ಕೂತಿರುತ್ತದೆ. ಅದನ್ನು ಹೆಬ್ಬೆರಳಿಗೆ ತಗೊಂಡು ತೋರುಬೆರಳಿನಿಂದ ಮೆಲ್ಲಗೆ ತಿಕ್ಕಿ. ಬೆಣ್ಣೆ ಹಾಗೆ ನುಣ್ಣಗೆ ಜಾರಿದರೆ ಅದು ಮಾಮೂಲಿ ಸವೆತ. ಎಲ್ಲಾ ಆಕ್ಸಲ್‌ನಲ್ಲೂ ಇರುವಂಥದ್ದೇ. ಬೆರಳಿಗೆ ಮರಳಿನ ಹಾಗೆ ಕರಕರ ಅಂದರೆ ಬಿಳಿ ಬಟ್ಟೆಯ ಮೇಲೆ ಹರಡಿ ಬಿಸಿಲಿಗೆ ಹಿಡಿಯಿರಿ. ಸೂಜಿಯಂಥ ಎಳೆಗಳು, ಹೊಳೆಯುವ ಚಕ್ಕೆಗಳು ಕಂಡರೆ ಬೇರಿಂಗ್ ಅಥವಾ ಹಲ್ಲು ಕಿತ್ತು ಬರುತ್ತಿದೆ. ಉಗುರಿಗೆ ಸಿಗುವಷ್ಟು ದೊಡ್ಡ ತುಂಡು ಸಿಕ್ಕರೆ ಹೊಸ ಆಯಿಲ್ ಹಾಕಿ ಸುಮ್ನೆ ಮುಂದೆ ಓಡಿಸಬೇಡಿ. ಹೌಸಿಂಗ್ ಬಿಚ್ಚಿಸಿ ನೋಡಿಸಿ. ಬೇರಿಂಗ್ ಒಂದೇ ಹಾಳಾಗಿರುವಾಗ ಹಿಡಿದರೆ ಬೇರಿಂಗ್‌ನಲ್ಲೇ ಮುಗಿಯುತ್ತದೆ. ಬಿಟ್ಟರೆ ಕ್ರೌನ್ ಪಿನಿಯನ್ ಎರಡನ್ನೂ ತಿನ್ನುತ್ತದೆ.

ಆಯಸ್ಕಾಂತಕ್ಕೆ ಅಂಟದ ಹಳದಿ ಹೊಳಪು ಕಂಡರೆ ಅದು ಹಿತ್ತಾಳೆ ಅಥವಾ ಕಂಚಿನದು. ಕೆಲವು ಆಕ್ಸಲ್‌ಗಳ ಒಳಗಿನ ವಾಷರ್‌ಗಳು ಆ ಲೋಹದವು.

ನನ್ನದು ಹಾಲು ಹಾಕಿದ ಕಾಫಿ ಬಣ್ಣದಲ್ಲಿ ಬಂತು!

ನೀರು ಸೇರಿದೆ. ಹೆಚ್ಚಾಗಿ ಬ್ರೀದರ್‌ನದೇ ಕಥೆ ಇದು. ಆಕ್ಸಲ್ ಟ್ಯೂಬ್ ಮೇಲೆ ಬೆರಳಿನ ಗಾತ್ರದ ಒಂದು ಚಿಕ್ಕ ಮುಚ್ಚಳವೋ ರಬ್ಬರ್ ಪೈಪೋ ಇರುತ್ತದೆ. ಒಳಗಿನ ಗಾಳಿ ಕಾದು ಹಿಗ್ಗಿದಾಗ ಅಲ್ಲಿಂದ ಹೊರಗೆ ಹೋಗುತ್ತದೆ, ತಣಿದಾಗ ಒಳಗೆ ಬರುತ್ತದೆ. ಕಾದ ಆಕ್ಸಲ್ ದಿಢೀರನೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್‌ನಿಂದಲೋ ಆಯಿಲ್ ಸೋರದಂತೆ ತಡೆಯುವ ಸೀಲ್‌ನ ಸಂದಿಯಿಂದಲೋ ನೀರನ್ನೇ ಎಳೆದುಕೊಳ್ಳುತ್ತದೆ.

ಬ್ರೀದರ್ ಮಣ್ಣಿನಿಂದ ಕಟ್ಟಿಕೊಂಡರೂ ತೊಂದರೆಯೇ. ಒಳಗಿನ ಒತ್ತಡಕ್ಕೆ ದಾರಿಯಿಲ್ಲದೆ ಆಯಿಲ್ ಸೀಲ್‌ಗಳನ್ನು ದಾಟಿ ಹೊರಬರುತ್ತದೆ. ಪ್ರತಿ ಸಲ ಆಯಿಲ್ ಬದಲಿಸುವಾಗ ಬ್ರೀದರ್ ತೆಗೆದು ತೊಳೆದು ಊದಿ ನೋಡಿ. ಎರಡು ನಿಮಿಷ ಹಿಡಿಯದು.

ಹಾಲಿನ ಬಣ್ಣದ ಆಯಿಲ್ ಬಂದಿದ್ದರೆ ಒಂದು ಸಲ ಬದಲಿಸಿದರೆ ಸಾಲದು. ಹೊಸದು ಹಾಕಿ, ಕೆಲವು ನೂರು ಕಿಲೋಮೀಟರ್ ಓಡಿಸಿ, ಮತ್ತೆ ಇಳಿಸಿ ನೋಡಿ. ಟ್ಯೂಬ್‌ಗಳ ಮೂಲೆಯಲ್ಲಿ ಉಳಿದ ನೀರು ಆಗ ಬರುತ್ತದೆ.

ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ಒಳಗೆ ತೊಳೆಯಬಹುದಾ?

ಬೇಡ. ಅದು ಪೂರ್ತಿ ಹೊರಗೆ ಬರುವುದಿಲ್ಲ. ಉಳಿದದ್ದು ಹೊಸ ಆಯಿಲನ್ನು ತೆಳುವಾಗಿಸುತ್ತದೆ. ಕಿಟ್ಟ ಜಾಸ್ತಿ ಇದ್ದರೆ ಅದೇ ದರ್ಜೆಯ ಆಯಿಲ್ ಹಾಕಿ ಸ್ವಲ್ಪ ದಿನಕ್ಕೇ ಇನ್ನೊಮ್ಮೆ ಬದಲಿಸಿ.

ತುಂಬುವುದು ಹೇಗೆ? ಮೇಲಿನ ತೂತಿಗೆ ಡಬ್ಬಿ ಬಗ್ಗಿಸಲು ಜಾಗವೇ ಇಲ್ಲ.

ಕೈ ಪಂಪ್ ಇದ್ದರೆ ಸಲೀಸು. ಇಲ್ಲದಿದ್ದರೆ ಡಬ್ಬಿಯ ಮೂತಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಹಿಂಡಬಹುದು. ಇಲ್ಲವೇ ಉದ್ದದ ಪೈಪನ್ನು ಮೇಲಿನಿಂದ ಇಳಿಬಿಟ್ಟು ಆಲಿಕೆಯಲ್ಲಿ ಸುರಿಯಬಹುದು. ಚಳಿ ಇದ್ದರೆ ಡಬ್ಬಿಯನ್ನು ಅರ್ಧ ಗಂಟೆ ಬಿಸಿನೀರಲ್ಲಿ ಇಡಿ, ಕೈಗೆ ಶ್ರಮ ಅರ್ಧ ಕಡಿಮೆ.

ಕೆಳಗಿನ ಪ್ಲಗ್ ಒರೆಸಿ, ಹೊಸ ವಾಷರ್ ಹಾಕಿ ಬಿಗಿ ಮಾಡಿದ ಮೇಲೆ ತುಂಬಲು ಶುರು ಮಾಡಿ. ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುವ ತಿರುಪಿನ ಪ್ಲಗ್‌ಗೆ ವಾಷರ್ ಇರುವುದಿಲ್ಲ. ಅದನ್ನು ಮೈಮೇಲೆ ಬಂದವರ ಹಾಗೆ ಬಿಗಿ ಮಾಡಿದರೆ ಹೌಸಿಂಗ್ ಸೀಳೀತು. ಆಯಿಲ್ ಮೇಲಿನ ತೂತಿನ ಕೆಳಗಿನ ಅಂಚಿಗೆ ಬಂದು ಹೊರಗೆ ತುಳುಕಿದರೆ ಸಾಕು. ಕಿರುಬೆರಳು ಹಾಕಿದರೆ ತುದಿಗೆ ಆಯಿಲ್ ತಗಲಬೇಕು. ಕೆಲವು ಗಾಡಿಗಳಲ್ಲಿ ತೂತಿಗಿಂತ ಒಂದಿಷ್ಟು ಕೆಳಗೆ ಇರಬೇಕು ಅಂತ ಮ್ಯಾನುವಲ್ ಹೇಳುತ್ತದೆ, ಹಾಗಿದ್ದರೆ ಅದನ್ನೇ ಪಾಲಿಸಿ.

ಜಾಸ್ತಿ ಹಾಕಿದರೆ ಒಳ್ಳೆಯದಲ್ವಾ?

ಅಲ್ಲ. ಕ್ರೌನ್ ವೀಲ್ ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿ ಹಲ್ಲನ್ನು ಕಾಯುವುದಿಲ್ಲ. ಆಕ್ಸಲ್ ಬಿಸಿಯಾಗುತ್ತದೆ, ಸೀಲ್ ಸೋರುತ್ತದೆ. ತುಳುಕುವಷ್ಟು ತುಳುಕಲು ಬಿಟ್ಟು ಆಮೇಲೆ ಪ್ಲಗ್ ಹಾಕಿ.

ಹಿಂದಿನಿಂದ ಬರುವ ಊಳಿಡುವ ಶಬ್ದ ಹೊಸ ಆಯಿಲ್‌ನಿಂದ ಹೋಗುತ್ತದಾ?

ಮಟ್ಟ ತೀರಾ ಇಳಿದು ಶಬ್ದ ಬರುತ್ತಿದ್ದರೆ ಕಡಿಮೆಯಾಗಬಹುದು. ಆದರೆ ಸವೆದ ಹಲ್ಲು ಆಯಿಲ್‌ನಿಂದ ಬೆಳೆಯುವುದಿಲ್ಲ. ಆಕ್ಸಿಲರೇಟರ್ ಕೊಟ್ಟಾಗ ಒಂದು ತರ, ಬಿಟ್ಟಾಗ ಇನ್ನೊಂದು ತರ ಊಳಿಟ್ಟರೆ ಕ್ರೌನ್ ಪಿನಿಯನ್ ಅಥವಾ ಪಿನಿಯನ್ ಬೇರಿಂಗ್ ಮೇಲೆ ಅನುಮಾನ ಪಡಿ. ವೇಗದ ಜೊತೆಗೇ ಏರುವ ಗರಗರ ಶಬ್ದ ಚಕ್ರದ ಬೇರಿಂಗ್‌ನದಿರಬಹುದು. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಟಕ್ ಅಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಓರೆಯಾಗಿಯೂ ತಿರುಗಲು ಬಿಡುವ ಕೀಲು) ಕೈಯಲ್ಲಿ ಅಲುಗಾಡಿಸಿ ನೋಡಿ.

ಶಬ್ದ ಮುಚ್ಚಲು ತುಂಬಾ ಮಂದದ ಆಯಿಲ್ ಹಾಕುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಶಬ್ದ ಅಡಗುತ್ತದೆ, ಸವೆತ ನಿಲ್ಲುವುದಿಲ್ಲ.

ಪಿನಿಯನ್ ಸೀಲ್ ಸೋರುತ್ತಿದೆ. ಜೊತೆಗೇ ಬದಲಿಸಿಬಿಡಲಾ?

ಮೊದಲು ಬ್ರೀದರ್ ಸರಿ ಮಾಡಿ, ಒರೆಸಿ, ಒಂದು ವಾರ ನೋಡಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ಸೀಲ್ ಬದಲಿಸಲು ಪಿನಿಯನ್ ನಟ್ ಬಿಚ್ಚಬೇಕು. ಆ ನಟ್‌ನ ಬಿಗಿಯೇ ಬೇರಿಂಗ್‌ಗಳ ಒತ್ತಡವನ್ನು ನಿರ್ಧರಿಸುತ್ತದೆ, ಜಾಸ್ತಿಯಾದರೂ ಕಡಿಮೆಯಾದರೂ ಬೇರಿಂಗ್ ಹಾಳು. ಅಳತೆ ನೋಡಿ ಬಿಗಿ ಮಾಡಲು ಬರುವವರಿಂದಲೇ ಮಾಡಿಸಿ. ಚಕ್ರದ ಕಡೆಯ ಸೀಲ್ ಸೋರಿದರೆ ತಡ ಬೇಡ. ಆಯಿಲ್ ಬ್ರೇಕ್ ಡ್ರಮ್‌ಗೆ ಇಳಿದರೆ ಆ ಕಡೆಯ ಬ್ರೇಕ್ ಹಿಡಿಯುವುದಿಲ್ಲ.

ಹಳೇ ಆಯಿಲ್ ಏನು ಮಾಡಲಿ?

ಮಣ್ಣಿಗೆ, ಚರಂಡಿಗೆ ಸುರಿಯಬೇಡಿ. ಸುಡಲೂಬೇಡಿ. ಖಾಲಿಯಾದ ಹೊಸ ಆಯಿಲ್ ಡಬ್ಬಿಗೇ ತುಂಬಿ, ಬಳಸಿದ ಆಯಿಲ್ ತಗೊಳ್ಳುವ ಕಡೆ ಕೊಡಿ. ಬ್ರೇಕ್ ಆಯಿಲ್, ಕೂಲಂಟ್ ಅದರ ಜೊತೆ ಬೆರೆಸಬೇಡಿ, ಬೆರೆತದ್ದನ್ನು ಮತ್ತೆ ಶುದ್ಧ ಮಾಡಲು ಆಗುವುದಿಲ್ಲ.

ಎಲ್ಲ ಮುಗಿದ ಮೇಲೆ ಏನು ನೋಡಬೇಕು?

ಎರಡೂ ಪ್ಲಗ್ ಸುತ್ತ ಚೆನ್ನಾಗಿ ಒರೆಸಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಒಣ ಬಟ್ಟೆಯಿಂದ ಮುಟ್ಟಿ ನೋಡಿ. ಚಕ್ರದ ಹಬ್‌ವರೆಗೂ ಆಯಿಲ್ ಹರಿಯುವಂಥ ಭಾರದ ಆಕ್ಸಲ್ ಆದರೆ ಹಬ್‌ಗಳು ತುಂಬಿಕೊಂಡ ಮೇಲೆ ಮಟ್ಟ ಇಳಿದಿರುತ್ತದೆ. ಗಾಡಿ ಸಮ ನೆಲದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಪ್ಲಗ್ ಇನ್ನೊಮ್ಮೆ ತೆಗೆದು ಬೆರಳು ಹಾಕಿ ನೋಡಿ, ಕಡಿಮೆ ಇದ್ದರೆ ತುಂಬಿ. ಆಮೇಲೆ ದಿನಾಂಕ, ಕಿಲೋಮೀಟರ್, ಹಾಕಿದ ಆಯಿಲ್, ಪ್ಲಗ್ ಮೇಲಿನ ಕೆಸರು ಹೇಗಿತ್ತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯ ಪುಸ್ತಕದಲ್ಲಿಡಿ. ಮುಂದಿನ ಸಲ ಕೆಸರು ಜಾಸ್ತಿಯಾಗಿದೆಯಾ ಅಂತ ಹೋಲಿಸಲು ಅದು ಬೇಕಾಗುತ್ತದೆ.